ಅಯೋವಾ ಸಂಸ್ಥಾನದ ಅಮಾನ ಗ್ರಾಮಗಳ ವೃತ್ತಾಂತ

ಅಪೊಸ್ತಲರ ಕೃತ್ಯಗಳ 2ನೆಯ ಮತ್ತು 4ನೆಯ ಅಧ್ಯಾಯಗಳ ಕಡೇ ಭಾಗವನ್ನು ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟುವದು ಸಹಜ. ಯೆರೂಸಲೇಮಿನ ಮೊದಲನೆಯ ಸಭೆಯವರು ಹೊಲಮನೆಗಳನ್ನು ಮಾರಿ ಎಲ್ಲವನ್ನೂ ಹುದುವಾಗಿ ಅನುಭವಿಸಿದಂತೆ ಬೇರೆ ಯಾವ ಸಭೆಯಾದರೂ ನಡೆದದ್ದುಂಟೋ? ನಡೆದಿದ್ದರೆ ಎಷ್ಟು ಕಾಲ ನಡೆಯಿತು, ಯಾತರಿಂದ ನಿಂತಿತು? ಹಾಗೆ ಸುಮಾರು ತೊಂಬತ್ತು ವರ್ಷ ನಡೆದ ಒಂದು ಸಭೆಯ ಚರಿತ್ರೆಯನ್ನು ಈ ಪಾಠದಲ್ಲಿ ವಾಚಕರ ಮುಂದೆ ಇಡುತ್ತೇವೆ.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಯೋವಾ ಎಂಬದು ಮುಸುಕಿನ ಜೋಳಕ್ಕೆ ಹೆಸರಾದ ಬಯಲುಸೀಮೆ. ಅದರ ಪೂರ್ವಭಾಗದಲ್ಲಿ, ಅಯೋವಾ ನದಿಯ ಕಣಿವೆಯಲ್ಲಿ, ಜರ್ಮನರು ಕಟ್ಟಿದ ಏಳು ಚಿಕ್ಕ ಹಳ್ಳಿಗಳುಂಟು. ಇವುಗಳಲ್ಲಿ ಯಾವದಕ್ಕೂ ಪುರಸಭೆಯಿಲ್ಲ, ಮೇಯರನೂ ಇಲ್ಲ. ಸರಕಾರದ ಲೆಕ್ಕದಲ್ಲಿ ಇವು ಪೌರಾಡಳಿತವಿಲ್ಲದ ಊರುಗಳು. ಹೆಸರಿನ ಹೋಲಿಕೆಯಿಂದ ಕೆಲವರು ಇವರನ್ನು ಕುದುರೆಗಾಡಿಯ ಆಮಿಷ್ ಜನರೆಂದು ಭಾವಿಸುತ್ತಾರೆ. ಇವರು ಅವರಲ್ಲ, ಇವರ ಮೂಲವೇ ಬೇರೆ.

ಆ ಮೂಲವು 1714ನೆಯ ವರುಷದ್ದು. ಎಬರ್ಹಾರ್ಡ್ ಲುಡ್ವಿಗ್ ಗ್ರೂಬರ್ ಎಂಬ ಲೂಥರನ್ ಸಭೆಯ ಮಾಜಿ ಬೋಧಕನೂ ಯೋಹಾನ್ ಫ್ರೀಡ್ರಿಕ್ ರಾಕ್ ಎಂಬ ಜೀನುಗಾರನೂ ಹೆಸ್ಸೆ ಸೀಮೆಯಲ್ಲಿ ಒಂದು ಪ್ರಾರ್ಥನಾಕೂಟವನ್ನು ಕಟ್ಟಿದರು. ಇಬ್ಬರ ಜನ್ಮಭೂಮಿಯೂ ವುರ್ಟೆಂಬೆರ್ಗ್. ನಮ್ಮ ಮಂಗಳೂರು, ಧಾರವಾಡ ಸೀಮೆಗಳಿಗೆ 1834ರಿಂದ ಬಂದ ಬಾಸೆಲ್ ಮಿಶನಿನ ಬೋಧಕರಲ್ಲಿ ಅನೇಕರು ಹುಟ್ಟಿ ಬೆಳೆದದ್ದೂ ಅಲ್ಲಿಯೇ. ಬರಿಯ ಆಚಾರ ಸಾಲದು, ಹೃದಯದ ಭಕ್ತಿ ಬೇಕು ಎಂದು ಮನೆಮನೆಗಳಲ್ಲಿ ಕೂಡಿ ಸತ್ಯವೇದವನ್ನು ಓದುತ್ತಿದ್ದ ಪಿಯಟಿಸ್ಟ್ ಜನರ ನಡುವಿನಿಂದಲೇ ಎರಡು ತೊರೆಗಳೂ ಹೊರಟವು. ಆದರೆ ಗ್ರೂಬರನೂ ರಾಕನೂ ರಾಜಸಭೆಯಿಂದ ಅಗಲಿದರು. ಪ್ರವಾದಿಗಳ ಕಾಲದಲ್ಲಿ ಮಾತಾಡಿದ ದೇವರಾತ್ಮನು ಈಗಲೂ ಆರಿಸಿಕೊಂಡವರ ಬಾಯಿಂದ ಮಾತಾಡುವನೆಂಬದು ಅವರ ನಂಬಿಕೆ. ಅಂಥವರನ್ನು ಅವರು 'ಉಪಕರಣ'ಗಳೆಂದು ಕರೆದು, ಅವರ ಮಾತುಗಳನ್ನು ಬರೆದಿಡುತ್ತಿದ್ದರು.

ರಾಕನು 1749ರಲ್ಲಿ ತೀರಿಹೋದ ಬಳಿಕ ಕೂಟವು ಸೊರಗಿತು. 1817ರಿಂದ ಅದು ಮರಳಿ ಚಿಗುರಿತು. ಈ ಸಾರಿ ಮುಂದೆ ನಿಂತವರಲ್ಲಿ ಇಬ್ಬರನ್ನು ನೆನಪಿಡಬೇಕು: ಬಡಗಿಯಾದ ಕ್ರಿಸ್ತಿಯಾನ್ ಮೆಟ್ಸ್, ಮತ್ತು ಓದುಬರಹವಿಲ್ಲದ ಮನೆಗೆಲಸದ ಹುಡುಗಿ ಬಾರ್ಬರಾ ಹೈನೆಮಾನ್. ಇವರ ಜನರು ಸರಕಾರದ ಮುಂದೆ ಆಣೆಯಿಡಲಿಲ್ಲ, ದಂಡಿನಲ್ಲಿ ಸೇರಲಿಲ್ಲ, ಮಕ್ಕಳನ್ನು ಸರಕಾರೀ ಶಾಲೆಗೆ ಕಳುಹಿಸಲೊಲ್ಲದೆ ದಂಡ ತೆತ್ತರು. ಎಲ್ಲೆಲ್ಲಿಂದಲೋ ಓಡಿಬಂದವರಿಗಾಗಿ ಮೆಟ್ಸನು ಹೆಸ್ಸೆಯಲ್ಲಿ ಹಳೆಯ ಮಠಗಳನ್ನೂ ಜಹಗೀರುಗಳನ್ನೂ ಗೇಣಿಗೆ ಹಿಡಿದನು. ಗೇಣಿ ಏರಿತು, ಮಳೆ ತಪ್ಪಿತು.

1842ರಲ್ಲಿ ಮೆಟ್ಸನೂ ಮತ್ತೆ ಕೆಲವರೂ ಹಡಗು ಹತ್ತಿ ಅಮೇರಿಕಕ್ಕೆ ಹೋಗಿ, ನ್ಯೂಯಾರ್ಕ್ ಸಂಸ್ಥಾನದ ಬಫಲೋ ಪಟ್ಟಣದ ಬಳಿಯಲ್ಲಿ ಸುಮಾರು 5,000 ಎಕರೆ ಭೂಮಿಯನ್ನು ಕೊಂಡರು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 800 ಮಂದಿ ಅಲ್ಲಿಗೆ ಬಂದರು. ಆ ನೆಲೆಗೆ ಎಬೆನೆಜೆರ್ ಎಂದು ಹೆಸರಿಟ್ಟರು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಭೂಮಿ ಸೆನೆಕಾ ಎಂಬ ಮೂಲನಿವಾಸಿಗಳದ್ದಾಗಿತ್ತು. ಭೂವ್ಯಾಪಾರಿಗಳ ಕಂಪೆನಿಯು ಜಗಳದ ಒಪ್ಪಂದಗಳ ಮೂಲಕ ಅದನ್ನು ದಕ್ಕಿಸಿಕೊಂಡು ಮಾರುತ್ತಿತ್ತು. ಜರ್ಮನರು ಬಂದಾಗ ಸೆನೆಕಾ ಕುಟುಂಬಗಳು ಇನ್ನೂ ಅಲ್ಲಿ ವಾಸವಾಗಿದ್ದವು. ಒಂದು ದೇಶದಿಂದ ದಬ್ಬಲ್ಪಟ್ಟವರು ಇನ್ನೊಂದು ಜನಾಂಗವು ದಬ್ಬಲ್ಪಡುತ್ತಿದ್ದ ನೆಲದಲ್ಲಿ ಮನೆ ಕಟ್ಟಿದರು. ಕ್ರಯ ಕೊಟ್ಟದ್ದು ನಿಜ. ಆದರೂ ಈ ನೆರಳು ಆ ಚರಿತ್ರೆಯ ಮೇಲಿಂದ ಹೋಗುವದಿಲ್ಲ.

ಸಮಸ್ತವೂ ಹುದುವಾಗಿರಬೇಕೆಂಬ ನೇಮವು ಹುಟ್ಟಿದ್ದು ಇಲ್ಲಿಯೇ. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು, ಯಾಕಂದರೆ 1714ರ ನಂಬಿಕೆಯಲ್ಲಿ ಈ ನೇಮವಿರಲಿಲ್ಲ. ಬಂದವರಲ್ಲಿ ಕೆಲವರು ಹಣವಂತರು. ಬಹುಮಂದಿ ಹಡಗಿನ ದರಕ್ಕೂ ಗತಿಯಿಲ್ಲದ ಕೈಗೆಲಸದವರು. ಕೆಲವು ಕಾಲ ಎಲ್ಲವನ್ನೂ ಕೂಡಿಯೇ ನಡಿಸಿ, ಆ ಮೇಲೆ ಅವರವರು ಹಾಕಿದ ಹಣಕ್ಕೆ ತಕ್ಕಂತೆ ಭೂಮಿಯನ್ನು ಹಂಚಬೇಕೆಂಬದು ಮೊದಲನೆಯ ಏರ್ಪಾಡು. ಹಾಗೆ ಹಂಚಿದರೆ ಬಡವನು ಎಂದಿಗೂ ಸಾಲ ತೀರಿಸಲಾರನು, ಸಭೆಯು ಒಡೆಯುವದು ಎಂದು ಕಂಡುಬಂದದರಿಂದ ಹಂಚಿಕೆಯನ್ನೇ ಕೈಬಿಟ್ಟರು. ಬಡವರು ಕೈಜಾರಿ ಹೋಗಬಾರದೆಂಬ ಅಗತ್ಯದಿಂದ ಹುಟ್ಟಿದ ಏರ್ಪಾಡು ಆ ಮೇಲೆ ವಿಶ್ವಾಸದ ಅಂಗವಾಯಿತು.

ಬಫಲೋ ಪಟ್ಟಣವು ಬೆಳೆದು ಸಮೀಪಕ್ಕೆ ಬಂದಿತು, ಭೂಮಿಯ ಕ್ರಯವೂ ಏರಿತು. 1855ರಲ್ಲಿ ಅವರು ಅಯೋವಾಕ್ಕೆ ಹೊರಡತೊಡಗಿದರು. ಮೊದಲನೆಯ ಹಳ್ಳಿಗೆ ಅಮಾನ ಎಂದು ಹೆಸರಾಯಿತು. ಪರಮಗೀತ 4:8ರಲ್ಲಿ ಬರುವ ಬೆಟ್ಟದ ಹೆಸರು ಅದು. 1859ರಲ್ಲಿ ಸಂಸ್ಥಾನದ ಕಾಯಿದೆಯ ಮೇರೆಗೆ ಅಮಾನ ಸೊಸೈಟಿ ಎಂದು ನೋಂದಾಯಿಸಿಕೊಂಡರು. ಐದು ಹಳ್ಳಿಗಳನ್ನು ಎತ್ತಿನ ಗಾಡಿಯ ಒಂದು ತಾಸಿನ ಹಾದಿಗೆ ಒಂದರಂತೆ ಎಬ್ಬಿಸಿ, ರೈಲುದಾರಿಗಾಗಿ 1861ರಲ್ಲಿ ಹೋಮ್‌ಸ್ಟೆಡ್ ಎಂಬ ಏಳನೆಯ ಊರನ್ನು ಕ್ರಯಕ್ಕೆ ಕೊಂಡರು. ಭೂಮಿಯು ಸುಮಾರು 26,000 ಎಕರೆಯಾಯಿತು, ಜನರು ಹೆಚ್ಚೆಂದರೆ 1,800ರಷ್ಟಾದರು. ಉಣ್ಣೆಯ ಗಿರಣಿಯ ನೀರಿಗಾಗಿ ಮೈಲುಗಟ್ಟಲೆ ಕಾಲುವೆ ತೋಡಿದರು.

ಈಗ ಅಡಿಗೆಮನೆಗೆ ಬರೋಣ, ಯಾಕಂದರೆ ಈ ಸಭೆಯ ಜೀವಾಳವು ಅಲ್ಲಿತ್ತು. ಯಾರ ಮನೆಯಲ್ಲಿಯೂ ಒಲೆ ಹೂಡಿ ಅಡಿಗೆ ಮಾಡುವದಿರಲಿಲ್ಲ. ಏಳು ಹಳ್ಳಿಗಳಲ್ಲಿ ಐವತ್ತಕ್ಕೆ ಮಿಕ್ಕಿ ಸಾಮಾನ್ಯ ಅಡಿಗೆಮನೆಗಳಿದ್ದು, ಒಂದೊಂದರಲ್ಲಿ ಮೂವತ್ತು ನಾಲ್ವತ್ತು ಮಂದಿ ಉಣ್ಣುತ್ತಿದ್ದರು. ಒಂದೊಂದಕ್ಕೂ ಒಬ್ಬ ಸ್ತ್ರೀ ಯಜಮಾನಿ, ಒಂದು ದೊಡ್ಡ ಕಾಯಿಪಲ್ಯದ ತೋಟ. ಗಂಡಸರಿಗೆ ಒಂದು ಮೇಜು, ಹೆಂಗಸರಿಗೆ ಇನ್ನೊಂದು; ಉಣ್ಣುವಾಗ ಮಾತಿಲ್ಲ. ಎಳೆಗೂಸಿನ ತಾಯಂದಿರಿಗೂ ರೋಗಿಗಳಿಗೂ ಊಟವನ್ನು ಮನೆಗೆ ಕಳುಹಿಸುತ್ತಿದ್ದರು. ಕೂಲಿಯೆಂಬದಿಲ್ಲ, ಮನೆ, ಊಟ, ವೈದ್ಯ ಎಲ್ಲವೂ ಸಭೆಯದು, ಬಟ್ಟೆ ಮೊದಲಾದವುಗಳಿಗೆ ವರ್ಷಕ್ಕೆ ಇಷ್ಟೆಂದು ಅಂಗಡಿಯ ಲೆಕ್ಕದಲ್ಲಿ ಬರೆಯುತ್ತಿದ್ದರು. ವಾರಕ್ಕೆ ಹನ್ನೊಂದು ಆರಾಧನೆಗಳು ನಡೆಯುತ್ತಿದ್ದವು; ಆಲಯಕ್ಕೆ ಗೋಪುರವಾಗಲಿ ವಾದ್ಯವಾಗಲಿ ಇರಲಿಲ್ಲ, ಸಂಬಳದ ಬೋಧಕನೂ ಇರಲಿಲ್ಲ.

ಮೆಟ್ಸನು 1867ರಲ್ಲಿಯೂ ಬಾರ್ಬರಾ 1883ರಲ್ಲಿಯೂ ತೀರಿಹೋದರು. ಇವಳ ಬಳಿಕ ಬೇರೆ 'ಉಪಕರಣ' ಏಳಲಿಲ್ಲ. ಇನ್ನು ಮೇಲೆ ಹಿರಿಯರು ಹಳೆಯ ವಾಕ್ಯಗಳನ್ನು ಓದಿಹೇಳುವವರಾದರು. ಹೊಸ ಸಂಗತಿಗೆ ಹೊಸ ಮಾತು ಸಿಕ್ಕದೆ ಹೋದದ್ದೇ ದೊಡ್ಡ ಕುಂದು ಎಂದು ನಮಗೆ ತೋರುತ್ತದೆ. 1923ರ ಆಗಸ್ಟಿನಲ್ಲಿ ಬೆಂಕಿಯು ಉಣ್ಣೆಗಿರಣಿಯನ್ನೂ ಹಿಟ್ಟಿನ ಗಿರಣಿಯನ್ನೂ ಸುಟ್ಟಿತು, ವಿಮೆಯಿರಲಿಲ್ಲ. ಸಾಲ ಏರಿತು, ಯೌವನಸ್ಥರು ಹೊರಗೆ ಹೋದರು, ದುಡಿಯದವನೂ ದುಡಿಯುವವನಷ್ಟೇ ಉಣ್ಣುವದು ಗೊಣಗಾಟಕ್ಕೆ ಕಾರಣವಾಯಿತು. ಕೆಡುಕನ್ನೆಲ್ಲಾ ಬೆಂಕಿಯ ಮೇಲೆ ಹೊರಿಸುವವರುಂಟು. ಆದರೆ ಬೆಂಕಿಯು ಬೀಳುವದಕ್ಕೆ ಮುಂಚೆಯೇ ಅನೇಕ ಕುಟುಂಬಗಳು ಊಟವನ್ನು ಬುಟ್ಟಿಯಲ್ಲಿಟ್ಟು ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು ಉಣ್ಣತೊಡಗಿದ್ದವು. ಲೆಕ್ಕದ ಪುಸ್ತಕ ಒಡೆಯುವದಕ್ಕಿಂತ ಮುಂಚೆ ಪಂಕ್ತಿ ಒಡೆದಿತ್ತು.

1931ರಲ್ಲಿ ಹಿರಿಯರು ಜನರ ಮುಂದೆ ಎರಡು ದಾರಿಗಳನ್ನಿಟ್ಟರು: ಪೂರ್ವಿಕರ ಕಠಿನ ನೇಮಕ್ಕೆ ಹಿಂದಿರುಗುವದು, ಇಲ್ಲವೆ ಏರ್ಪಾಡನ್ನು ಹೊಸದಾಗಿ ಕಟ್ಟುವದು. ಬಹುಮಂದಿ ಎರಡನೆಯದನ್ನು ಆರಿಸಿದರು. 1932ರಲ್ಲಿ ಆಸ್ತಿಯೂ ಗಿರಣಿಗಳೂ ಪಾಲುಗಳುಳ್ಳ ಕಂಪೆನಿಯ ವಶವಾದವು; ಆರಾಧನೆಯು ಪ್ರತ್ಯೇಕವಾದ ಅಮಾನ ಸಭೆಯದಾಯಿತು. ಪ್ರಾಯಸ್ಥರೆಲ್ಲರಿಗೂ ಒಂದು ಮತದ ಪಾಲು ದೊರೆಯಿತು, ಸೇವೆಯ ವರ್ಷಗಳಿಗೆ ತಕ್ಕಂತೆ ಬೇರೆ ಪಾಲುಗಳೂ ದೊರೆತವು. ಹಾಕಿದ ಹಣವನ್ನಲ್ಲ, ದುಡಿದ ವರ್ಷಗಳನ್ನು ಎಣಿಸಿದ್ದು ನ್ಯಾಯವೇ. ವೈದ್ಯದ ಸಹಾಯವನ್ನು ಬಿಡಲಿಲ್ಲ. ತಲೆಮಾರುಗಳಿಂದ ಒಲೆಯಿಲ್ಲದ ಮನೆಗಳಲ್ಲಿ ಆಗ ಅಡಿಗೆಯ ಕೋಣೆಗಳನ್ನು ಮಾಡಿಕೊಂಡರು. 1934ರಲ್ಲಿ ಅಲ್ಲಿ ಪ್ರಾರಂಭವಾದ ತಂಪುಪೆಟ್ಟಿಗೆಯ ಕೈಗಾರಿಕೆಯಿಂದ ಅಮಾನ ಎಂಬ ಹೆಸರು ದೇಶದೇಶಗಳ ಅಡಿಗೆಮನೆಗಳಿಗೆ ಹೋಯಿತು.

ಏಳು ಹಳ್ಳಿಗಳೂ ಈಗಲೂ ಇವೆ. 1965ರಲ್ಲಿ ಸರಕಾರವು ಅವುಗಳನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಗೊತ್ತುಮಾಡಿತು. ಸಭೆಯೂ ಇದೆ, ಆರಾಧನೆಯನ್ನು ಹಿರಿಯರೇ ನಡಿಸುತ್ತಾರೆ. ಅವರ ಸ್ಮಶಾನಗಳಲ್ಲಿ ಕುಟುಂಬದ ಜಾಗವೆಂಬದಿಲ್ಲ. ತೀರಿಹೋದ ದಿನಗಳ ಕ್ರಮದಲ್ಲಿ, ಹಿರಿಯನ ಪಕ್ಕದಲ್ಲಿ ಮಗು, ಅದರ ಪಕ್ಕದಲ್ಲಿ ಕಮ್ಮಾರ, ಹೀಗೆ ಒಂದೇ ಅಳತೆಯ ಚಿಕ್ಕ ಕಲ್ಲುಗಳು ಸಾಲುಸಾಲಾಗಿ ನಿಂತಿವೆ.