ಮನೋರಮೆಯ ಅಭಿಪ್ರಾಯ: ಪ್ರಣಯಕಥನ ಮತ್ತು ಓದುಗರು

ಪ್ರಣಯಕಥನವನ್ನು ಕುರಿತ ಓದುಗರ ಅಭಿಪ್ರಾಯವು ಸಾಮಾನ್ಯವಾಗಿ ಕೃತಿ ಪ್ರಕಟವಾದ ಬಳಿಕ, ಅದರ ಹೊರಗೆ ರೂಪುಗೊಳ್ಳುತ್ತದೆ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿ ಉಡುಪಿಯಲ್ಲಿ ಅಧ್ಯಾಪಕರಾಗಿದ್ದ ಲಕ್ಷ್ಮೀನಾರಣಪ್ಪನವರು (ಮುದ್ದಣ, 1870-1901) ಅದನ್ನು ಕೃತಿಯ ಒಳಗೇ ತಂದರು. ‘ಶ್ರೀರಾಮಾಶ್ವಮೇಧಂ’ ಗದ್ಯಕಾವ್ಯದಲ್ಲಿ ಮುದ್ದಣನು ಕಥೆ ಹೇಳುವವನು. ಪತ್ನಿ ಮನೋರಮೆ ಕೇಳುವವಳು.

ಮನೋರಮೆ ಮೌನವಾಗಿ ಕೇಳುವವಳಲ್ಲ. ಯಾವ ಕಥೆ ಬೇಕು, ಅದು ಪದ್ಯದಲ್ಲಿರಬೇಕೆ ಗದ್ಯದಲ್ಲಿರಬೇಕೆ ಎಂಬುದರಲ್ಲಿ ಅವಳ ಮಾತೇ ನಡೆಯುತ್ತದೆ. ಸಂಸ್ಕೃತಭೂಯಿಷ್ಠ ಶೈಲಿಯನ್ನು ಆಕ್ಷೇಪಿಸಿ ಅವಳು ತಿಳಿಗನ್ನಡವನ್ನು ಕೇಳುತ್ತಾಳೆ, ಕಥೆಗಾರನು ಒಪ್ಪುತ್ತಾನೆ. ದಂಪತಿಗಳ ಸರಸದ ನಡುವೆ ಗೃಹಿಣಿಯ ರುಚಿಯು ವಿಮರ್ಶೆಯ ಅಧಿಕಾರವನ್ನು ಪಡೆಯುತ್ತದೆ. ಆದರೆ ಮನೋರಮೆ ಕವಿಯ ಸೃಷ್ಟಿ. ಅವಳ ಮಾತನ್ನು ಅಂದಿನ ಕರಾವಳಿಯ ಸ್ತ್ರೀಯರ ಸಾಕ್ಷ್ಯವೆಂದು ನೇರವಾಗಿ ಸ್ವೀಕರಿಸಲಾಗದು. ಅದು ಕವಿ ಬಯಸಿದ ಓದುಗಳ ಚಿತ್ರ.

ನಿಜವಾದ ಓದುಗರ ತೀರ್ಪು ಬೇರೆ ಬಗೆಯದು. ಕವಿಯು ತನ್ನ ಹೆಸರನ್ನು ಮರೆಸಿ, ಕೃತಿಯನ್ನು ಪ್ರಾಚೀನವೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ್ದರಿಂದ ಮೊದಲ ಓದುಗರು ಅದನ್ನು ಹಳೆಯ ಗ್ರಂಥವೆಂದೇ ಓದಿದರು. ಕರ್ತೃತ್ವವು ಖಚಿತವಾದ ಬಳಿಕದ ತಲೆಮಾರುಗಳು ಅಶ್ವಮೇಧದ ಕಥೆಗಿಂತ ಸಲ್ಲಾಪವನ್ನೇ ಹೆಚ್ಚು ಮೆಚ್ಚಿದವು. ಅದು ಬಿಡಿಭಾಗವಾಗಿ ಪಠ್ಯಪುಸ್ತಕಗಳನ್ನು ಸೇರಿತು. ಅಭಿಪ್ರಾಯ ಹೇಳಿದವಳೇ ನಾಯಿಕೆಯಾದಳು.

ಆದುದರಿಂದ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದಲ್ಲಿ ಇಂದಿನ ಪ್ರಣಯ ಕಾದಂಬರಿಗಳ ಓದನ್ನು ಕುರಿತು ನಡೆಯುವ ಅಧ್ಯಯನವು ‘ಹಿಡಿಸಿತೆ’ ಎಂಬ ಪ್ರಶ್ನೆಗೆ ನಿಲ್ಲಬಾರದು. ಓದುಗರು ಯಾವ ಭಾಗವನ್ನು ಉಳಿಸಿಕೊಂಡರು, ಯಾವುದನ್ನು ಕೈಬಿಟ್ಟರು ಎಂಬುದನ್ನೂ ಅದು ಕೇಳಬೇಕಾಗುತ್ತದೆ.