ಹುಣ್ಣಿಮೆ, ಅಮಾವಾಸ್ಯೆಗೆ ಯೋಗಾಭ್ಯಾಸಕ್ಕೆ ಬಿಡುವು: ದಿನ ಗುರುತಿಸುವುದು ಹೇಗೆ?

ಮೈಸೂರಿನ ಅಷ್ಟಾಂಗ ವಿನ್ಯಾಸ ಯೋಗ ಪರಂಪರೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯಂದು ಆಸನ ಹಾಕುವುದಿಲ್ಲ. ಇದನ್ನು ಲೋಕಕ್ಕೆಲ್ಲ ಹರಡಿದ ಕೆ. ಪಟ್ಟಾಭಿ ಜೋಯಿಸ್ (1915–2009) ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ 1937ರಿಂದ 1973ರವರೆಗೆ ಯೋಗ ಕಲಿಸಿದವರು. ಸಂಸ್ಕೃತ ಪಾಠಶಾಲೆಗಳ ಸಂಪ್ರದಾಯದಲ್ಲಿ ಈ ತಿಥಿಗಳು ಅನಧ್ಯಯನದ ದಿನಗಳು. ಬಿಡುವಿನ ಬೇರು ಅಲ್ಲಿದೆ ಎನ್ನುವವರಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಕಡಲಿನ ಉಬ್ಬರವಿಳಿತದಂತೆ ಮೈಯೊಳಗಿನ ನೀರನ್ನೂ ಚಂದ್ರ ಎಳೆಯುತ್ತಾನೆ ಎಂಬ ಮಾತಿಗೆ ಮಾತ್ರ ವಿಜ್ಞಾನದ ಆಧಾರವಿಲ್ಲ. ಆದರೂ ವಾರಕ್ಕೆ ಆರು ದಿನ ಬೆವರಿಳಿಸಿ ಅಭ್ಯಾಸ ಮಾಡುವವರ ಕೀಲು, ಸ್ನಾಯುಗಳಿಗೆ ತಿಂಗಳಿಗೆ ಎರಡು ದಿನ ಹೆಚ್ಚಿನ ವಿಶ್ರಾಂತಿ ಬೇಕೇ ಬೇಕು. ಅದನ್ನು ನಮ್ಮ ಇಷ್ಟಕ್ಕೆ ಬಿಟ್ಟರೆ ಮುಂದೂಡುತ್ತಲೇ ಇರುತ್ತೇವೆ.

ಮೊದಲು ದಿನ ಗುರುತಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ತಿಥಿ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಅದರ ಅವಧಿ ಸುಮಾರು 19ರಿಂದ 26 ಗಂಟೆ. ಅಭ್ಯಾಸ ನಡೆಯುವುದು ಮುಂಜಾನೆಯಾದ್ದರಿಂದ ಸೂರ್ಯೋದಯಕ್ಕೆ ಆ ತಿಥಿ ಇರುವ ದಿನವೇ ಬಿಡುವು ಎಂದಿಟ್ಟುಕೊಳ್ಳಿ. ವ್ರತ, ಪೂಜೆಗೆ ಸಂಜೆಯ ತಿಥಿ ನೋಡುವುದುಂಟು. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಒಂದು ದಿನ ಮುಂಚೆ ಕಾಣಬಹುದು. ತಿಥಿ ಮುಗಿಯುವ ಹೊತ್ತನ್ನೂ ಓದಿ. ಪಂಚಾಂಗದಲ್ಲಿ ಅದು ಘಳಿಗೆಗಳಲ್ಲಿ ಇರುತ್ತದೆ. ಒಂದು ಘಳಿಗೆ ಎಂದರೆ 24 ನಿಮಿಷ. ಹುಣ್ಣಿಮೆ 10 ಘಳಿಗೆ ಎಂದಿದ್ದರೆ ಸೂರ್ಯೋದಯದಿಂದ ನಾಲ್ಕು ಗಂಟೆ ಇರುತ್ತದೆ. ಅಪರೂಪಕ್ಕೆ ತಿಥಿ ಯಾವ ಸೂರ್ಯೋದಯಕ್ಕೂ ಸಿಗದೆ ಹೋದರೆ, ಶುರುವಾದ ದಿನವೇ ಬಿಡಿ. ನಿಮ್ಮ ಗುರುಗಳು ಬೇರೆ ದಿನ ಹೇಳಿದರೆ ಅವರ ಮಾತೇ ನಡೆಯಲಿ.

ಹೊರದೇಶದಲ್ಲಿರುವ ಕನ್ನಡಿಗರು ಇಲ್ಲಿನ ಕ್ಯಾಲೆಂಡರನ್ನು ಹಾಗೆಯೇ ಅನುಸರಿಸಬಾರದು. ಹುಣ್ಣಿಮೆ ಬೆಂಗಳೂರಿನಲ್ಲಿ ಮಂಗಳವಾರ ಬೆಳಗ್ಗೆ 8ಕ್ಕೆ ಮುಗಿದರೆ, ಬೇಸಿಗೆಯ ನ್ಯೂಯಾರ್ಕಿನಲ್ಲಿ ಆಗ ಸೋಮವಾರ ರಾತ್ರಿ 10.30. ಇಲ್ಲಿ ಬಿಡುವು ಮಂಗಳವಾರ, ಅಲ್ಲಿ ಸೋಮವಾರ. ಇಂಗ್ಲಿಷ್ ಕ್ಯಾಲೆಂಡರುಗಳು ಪೂರ್ಣಚಂದ್ರನದೆಂದು ಕೊಡುವ ಹೊತ್ತು ನಮ್ಮ ಹುಣ್ಣಿಮೆ ತಿಥಿ ಮುಗಿಯುವ ಹೊತ್ತು. ಅದು ಸೂರ್ಯೋದಯಕ್ಕೆ ಮುಂಚೆಯೇ ಬಿದ್ದರೆ ಹಿಂದಿನ ದಿನವೇ ಬಿಡುವು.

ಆ ದಿನ ಸೂರ್ಯನಮಸ್ಕಾರವೂ ಬೇಡ. ನಿಧಾನವಾದ ನಡಿಗೆ, ಹದಿನೈದು ನಿಮಿಷ ಶವಾಸನ ಸಾಕು. ಜೋಯಿಸರು ಎಣ್ಣೆಸ್ನಾನ ಹೇಳುತ್ತಿದ್ದುದು ಶನಿವಾರದ ವಾರದ ರಜೆಗೆ. ಅಮಾವಾಸ್ಯೆ, ಹುಣ್ಣಿಮೆಗೆ ಎಣ್ಣೆ ಹಚ್ಚದ ಮನೆಗಳು ನಮ್ಮಲ್ಲಿ ಬಹಳ. ಅದನ್ನು ವಾರದ ರಜೆಗೇ ಇಟ್ಟುಕೊಳ್ಳಿ. ಹುಣ್ಣಿಮೆ ವಾರದ ರಜೆಯ ಪಕ್ಕಕ್ಕೆ ಬಂದು ಎರಡು ದಿನ ಒಟ್ಟಿಗೆ ತಪ್ಪಿದರೂ ಚಿಂತೆಯಿಲ್ಲ. ಮುಟ್ಟಿನ ಮೊದಲ ಮೂರು ದಿನ ಹೆಣ್ಣುಮಕ್ಕಳಿಗೆ ಈ ಪರಂಪರೆ ಹೇಳುವ ಬಿಡುವು ಬೇರೆಯೇ. ಅದನ್ನು ಇದರೊಂದಿಗೆ ಸರಿದೂಗಿಸಲು ಹೋಗಬೇಡಿ.

ಮರುದಿನ ಮೈ ಬಿಗಿದಿರುತ್ತದೆ. ಸೂರ್ಯನಮಸ್ಕಾರವನ್ನು ಉಸಿರಿನ ಲೆಕ್ಕ ತಪ್ಪದಂತೆ ನಿಧಾನವಾಗಿ ಮಾಡಿ. ಹಿಂದಿನ ದಿನದ ಬಾಕಿ ತೀರಿಸಲೆಂದು ಹೆಚ್ಚು ಆಸನ ಸೇರಿಸಬೇಡಿ.