ಫೋನು ಹಳೆಯದು, ವಿಳಾಸ ಹೊಸದು

ರಾತ್ರಿ ಮಲಗುವ ಮುನ್ನ ಚಾರ್ಜಿಗೆ ಹಾಕಿದ ಸ್ಮಾರ್ಟ್‌ಫೋನು ಬೆಳಗಾಗುವಷ್ಟರಲ್ಲಿ ತನ್ನ ತಂತ್ರಾಂಶವನ್ನು ತಾನೇ ಹೊಸದು ಮಾಡಿಕೊಂಡಿರುತ್ತದೆ. ಪರದೆಯ ಮೇಲಿನ ಚಿತ್ರಗಳು ಸ್ವಲ್ಪ ಬದಲಾಗಿವೆ. ಅಕ್ಷರಗಳ ರೂಪವೂ ಬೇರೆಯಾಗಿದೆ. ಅದರೊಡನೆ, ನಿನ್ನೆಯವರೆಗೆ ನಿರಾತಂಕವಾಗಿ ದೊರೆಯುತ್ತಿದ್ದ ಮನೆಯ ವೈಫೈ ಇಂದು ದೊರೆಯದು. ಮನೆಯ ಇತರರ ಫೋನುಗಳು ಎಂದಿನಂತೆ ಕೆಲಸ ಮಾಡುತ್ತಿವೆ. ಪರೀಕ್ಷೆಯ ಅರ್ಜಿಯನ್ನು ತುಂಬಲು ಅದೇ ಕಡೆಯ ದಿನವಾಗಿದ್ದರಂತೂ ವಿದ್ಯಾರ್ಥಿಯ ಪಾಡು ಹೇಳತೀರದು. ಇಂಥ ಸಮಯದಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ: ಫೋನನ್ನು ಅಂಗಡಿಗೆ ಒಯ್ಯುವುದು, ಇಲ್ಲವೆ ಯಾರೋ ಹೇಳಿದರೆಂದು ಅದರಲ್ಲಿರುವುದನ್ನೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವುದು. ಎರಡನೆಯ ಉಪಾಯದಿಂದ ವರ್ಷಗಟ್ಟಲೆ ಕೂಡಿಟ್ಟ ಭಾವಚಿತ್ರಗಳೂ ಟಿಪ್ಪಣಿಗಳೂ ನಾಶವಾಗಬಹುದು. ವೈಫೈ ಮಾತ್ರ ಮರಳಿ ಬಂದೇ ಬರುವುದೆಂಬ ಭರವಸೆಯಿಲ್ಲ.

ವೈದ್ಯನು ಮೊದಲು ರೋಗದ ನಿದಾನವನ್ನು ಮಾಡಿ, ಆಮೇಲೆ ಔಷಧವನ್ನು ಕೊಡುತ್ತಾನೆ. ಇಲ್ಲಿಯೂ ಹಾಗೆಯೇ ನಡೆಯತಕ್ಕದ್ದು. ನಿದಾನಕ್ಕೆ ಯಾವ ಉಪಕರಣವೂ ಬೇಡ. ಎರಡು ಸಣ್ಣ ಪ್ರಯೋಗಗಳು ಸಾಕು. ಒಂದನೆಯದು, ಅದೇ ವೈಫೈಯಲ್ಲಿ ಬೇರೊಂದು ಫೋನನ್ನು ಇಟ್ಟು ನೋಡುವುದು. ಎರಡನೆಯದು, ಇದೇ ಫೋನನ್ನು ಬೇರೊಂದು ವೈಫೈಗೆ ಜೋಡಿಸಿ ನೋಡುವುದು. ಇದಕ್ಕೆ ಮನೆಯ ಮತ್ತೊಬ್ಬರ ಫೋನಿನ ಹಾಟ್‌ಸ್ಪಾಟ್ ಸಾಕಾಗುತ್ತದೆ. ಎರಡು ಪ್ರಯೋಗಗಳಲ್ಲಿಯೂ, ಪರೀಕ್ಷೆಗೆ ಒಳಗಾದ ಫೋನಿನ ಮೊಬೈಲ್ ಡೇಟಾವನ್ನು ಮೊದಲೇ ನಿಲ್ಲಿಸಿರಬೇಕು. ಇಲ್ಲವಾದರೆ ವೈಫೈ ಕೈಕೊಟ್ಟೊಡನೆ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳಿ, ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಬೇರೆ ಫೋನುಗಳಿಗೂ ಮನೆಯ ವೈಫೈಯಲ್ಲಿ ಅಂತರ್ಜಾಲ ಸಿಗದಿದ್ದರೆ ದೋಷವು ರೂಟರಿನಲ್ಲಿಯೋ ಹೊರಗಿನ ತಂತಿಯಲ್ಲಿಯೋ ಇದೆ. ಅಪ್‌ಡೇಟಿಗೂ ಅದಕ್ಕೂ ಸಂಬಂಧವಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇರುವ ನಂಟು ಅದು. ಈ ಫೋನು ಯಾವ ವೈಫೈಗೂ ಜೋಡಣೆಯಾಗದಿದ್ದರೆ ದೋಷವು ಫೋನಿನಲ್ಲಿಯೇ ಉಂಟು. ಆದರೆ ಮೂರನೆಯ ಸ್ಥಿತಿಯೊಂದಿದೆ: ಮನೆಯ ವೈಫೈಯಲ್ಲಿ ಇತರ ಫೋನುಗಳು ನಡೆಯುತ್ತವೆ, ಈ ಫೋನು ಹಾಟ್‌ಸ್ಪಾಟಿನಲ್ಲಿ ನಡೆಯುತ್ತದೆ, ಆದರೂ ಇವೆರಡು ಒಂದಕ್ಕೊಂದು ಸೇರವು. ಎರಡರಲ್ಲಿ ಯಾವುದೂ ಕೆಟ್ಟಿಲ್ಲ; ಅವುಗಳ ನಡುವಿನ ಒಪ್ಪಂದವು ಕೆಟ್ಟಿದೆ. ವಿಚಾರಕ್ಕೆ ಸ್ವಾರಸ್ಯವಾದುದು ಈ ಸ್ಥಿತಿಯೇ.

ಒಪ್ಪಂದವೆಂದರೇನೆಂಬುದನ್ನು ತಿಳಿಯಲು, ಫೋನು ವೈಫೈಗೆ ಸೇರುವಾಗ ನಡೆಯುವುದನ್ನು ಕ್ರಮವಾಗಿ ನೋಡೋಣ. ರೂಟರು ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ರೇಡಿಯೊ ತರಂಗಗಳ ಮೂಲಕ ಸಾರುತ್ತಿರುತ್ತದೆ. ಫೋನು ಅದನ್ನು ಕೇಳಿ, ತಾನು ಸೇರಬಯಸುವೆನೆಂದು ತಿಳಿಸುತ್ತದೆ. ಆಗ ಪಾಸ್‌ವರ್ಡಿನ ಪರೀಕ್ಷೆ ನಡೆಯುತ್ತದೆ. ಇದರಲ್ಲಿ ಪಾಸ್‌ವರ್ಡು ಗಾಳಿಯಲ್ಲಿ ಹೋಗುವುದೇ ಇಲ್ಲವೆಂಬುದು ಗಮನಾರ್ಹವಾದ ಸಂಗತಿ; ಎರಡೂ ಕಡೆಯವರು ಅದನ್ನು ಬಲ್ಲರೆಂಬುದು ಮಾತ್ರ ಕೆಲವು ಲೆಕ್ಕಗಳ ವಿನಿಮಯದಿಂದ ಸಿದ್ಧವಾಗುತ್ತದೆ. ಇದಾದ ಮೇಲೆ ರೂಟರು ಫೋನಿಗೆ ಒಂದು ಸಂಖ್ಯೆಯನ್ನು ಎರವಲು ಕೊಡುತ್ತದೆ. 192.168.1.7 ಎಂಬಂತಿರುವ ಈ ಸಂಖ್ಯೆಗೆ ಐಪಿ ವಿಳಾಸವೆಂದು ಹೆಸರು. ಕಡೆಯಲ್ಲಿ, ನಾವು ಬರೆದ ತಾಣದ ಹೆಸರನ್ನು ದೂರದ ಒಂದು ಗಣಕಯಂತ್ರವು ಸಂಖ್ಯೆಯಾಗಿ ಬದಲಿಸಿ ತಿಳಿಸಿದಾಗ ಪುಟವು ತೆರೆಯುತ್ತದೆ.

ಸರಪಳಿಯ ಯಾವ ಕೊಂಡಿ ಕಳಚಿದೆಯೆಂಬುದಕ್ಕೆ ಫೋನೇ ಕುರುಹುಗಳನ್ನು ಕೊಡುತ್ತದೆ. ವೈಫೈಯ ಹೆಸರೇ ಕಾಣದಿದ್ದರೆ ತೊಂದರೆಯು ರೇಡಿಯೊ ಮಟ್ಟದಲ್ಲಿದೆ. ಹೆಸರು ಕಂಡು ಪಾಸ್‌ವರ್ಡನ್ನು ಮತ್ತೆ ಮತ್ತೆ ಕೇಳಿದರೆ ಪರೀಕ್ಷೆಯಲ್ಲಿ ಅಡ್ಡಿಯಾಗಿದೆ. ಫೋನಿನ ಐಪಿ ವಿಳಾಸವು 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ಸಂಖ್ಯೆ ಬಾರದೆ ಫೋನು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಸಂಖ್ಯೆ ಸರಿಯಾಗಿದ್ದು, ತಾಣಗಳು ಮಾತ್ರ ತೆರೆಯದಿದ್ದರೆ ಕಡೆಯ ಕೊಂಡಿಯನ್ನು ಸಂದೇಹಿಸಬೇಕು. ವೈಫೈಯ ಗುರುತು ತುಂಬಿ ನಿಂತಿರುವುದರಿಂದಲೇ ಎಲ್ಲವೂ ಸರಿಯೆಂದು ಭಾವಿಸಲಾಗದು. ಆ ಗುರುತು ಹೇಳುವುದು ರೂಟರಿನ ಧ್ವನಿ ಎಷ್ಟು ಗಟ್ಟಿಯಾಗಿ ಕೇಳುತ್ತಿದೆಯೆಂಬುದನ್ನಷ್ಟೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಐಪಿ ವಿಳಾಸವು ಎರವಲಿನದೆಂದು ಹೇಳಿದೆವಷ್ಟೆ. ಅದಲ್ಲದೆ ಪ್ರತಿಯೊಂದು ಫೋನಿಗೂ ಕಾರ್ಖಾನೆಯಲ್ಲಿಯೇ ಕೊಟ್ಟ ಬೇರೊಂದು ಗುರುತು ಉಂಟು. ಇದನ್ನು ಮ್ಯಾಕ್ ವಿಳಾಸವೆನ್ನುತ್ತಾರೆ. ಇದರಲ್ಲಿ ಹನ್ನೆರಡು ಅಂಕಗಳಿವೆ. ಆದರೆ ಅವು ನಾವು ಬಳಸುವ ದಶಮಾನದವುಗಳಲ್ಲ. 0ಯಿಂದ 9ರವರೆಗಿನ ಅಂಕಗಳು ಮುಗಿದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳನ್ನೂ ಅಂಕಗಳೆಂದೇ ಎಣಿಸುವ ಹದಿನಾರರ ಪದ್ಧತಿ ಅದು. ರೂಟರು ಮನೆಯ ಫೋನುಗಳನ್ನು ಪರಸ್ಪರ ಬೇರೆಯೆಂದು ಅರಿಯುವುದು ಈ ವಿಳಾಸದಿಂದ.

ಶಾಶ್ವತವಾದ ಗುರುತಿನಿಂದ ಅನುಕೂಲವಿರುವಂತೆಯೇ ಅಪಾಯವೂ ಇದೆ. ಫೋನು ಜೇಬಿನಲ್ಲಿದ್ದಾಗಲೂ ಪರಿಚಿತ ವೈಫೈಗಳನ್ನು ಹುಡುಕುತ್ತ ಸಂಕೇತಗಳನ್ನು ಕಳುಹಿಸುತ್ತಿರುತ್ತದೆ. ಪ್ರತಿ ಸಲವೂ ಒಂದೇ ವಿಳಾಸವನ್ನು ಹೇಳಿಕೊಂಡರೆ, ದಾರಿಯಲ್ಲಿ ಕಿವಿಗೊಟ್ಟು ಕುಳಿತವರಿಗೆ ಆ ಮನುಷ್ಯನ ಓಡಾಟವೆಲ್ಲ ತಿಳಿಯುತ್ತದೆ. ಇದು ಬರಿಯ ಶಂಕೆಯಲ್ಲ. 2013ರಲ್ಲಿ ಲಂಡನ್ ನಗರದ ಬೀದಿಗಳಲ್ಲಿ ಜಾಹೀರಾತಿನ ಸಂಸ್ಥೆಯೊಂದು ಕಸದ ತೊಟ್ಟಿಗಳೊಳಗೆ ಇಂಥ ಯಂತ್ರಗಳನ್ನು ಇಟ್ಟು, ಹಾದುಹೋಗುವವರ ಫೋನುಗಳ ವಿಳಾಸಗಳನ್ನು ದಾಖಲಿಸಿತ್ತು. ಸುದ್ದಿ ಹೊರಬಿದ್ದ ಮೇಲೆ ನಗರದ ಆಡಳಿತವು ಅದನ್ನು ನಿಲ್ಲಿಸುವಂತೆ ಹೇಳಿತು. ಕಸದ ತೊಟ್ಟಿಯೂ ತನ್ನನ್ನು ಗುರುತಿಸುವ ಕಾಲ ಬಂದೀತೆಂದು ಯಾರು ತಾನೆ ಎಣಿಸಿದ್ದರು!

ಆದುದರಿಂದ ಫೋನುಗಳ ನಿರ್ಮಾಪಕರು ಆ ವಿಳಾಸವನ್ನು ಮರೆಮಾಚುವ ಉಪಾಯವನ್ನು ಹೂಡಿದರು. 2014ರ ಐಒಎಸ್ 8 ತಂತ್ರಾಂಶದಲ್ಲಿ, ವೈಫೈಯನ್ನು ಹುಡುಕುವಾಗ ಮಾತ್ರ ಸುಳ್ಳು ವಿಳಾಸವನ್ನು ಹೇಳುವ ಏರ್ಪಾಡು ಬಂದಿತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಇನ್ನೂ ಮುಂದೆ ಹೋದವು. ವೈಫೈಗೆ ಸೇರಿದ ಮೇಲೆಯೂ ನಿಜವಾದ ವಿಳಾಸವನ್ನು ಹೇಳದೆ, ಒಂದೊಂದು ವೈಫೈಗೆ ಒಂದೊಂದು ಕಲ್ಪಿತ ವಿಳಾಸವನ್ನು ಕೊಡುವುದೇ ಆಗ ರೂಢಿಯಾಯಿತು.

ರಾತ್ರಿ ನಡೆದದ್ದು ಈಗ ಸ್ಪಷ್ಟವಾಗುವುದು. ಕೆಲವು ಮನೆಗಳಲ್ಲಿ, ಗೊತ್ತಾದ ಫೋನುಗಳನ್ನು ಮಾತ್ರ ಒಳಬಿಡುವಂತೆ ರೂಟರಿನಲ್ಲಿ ಮ್ಯಾಕ್ ವಿಳಾಸಗಳ ಪಟ್ಟಿಯನ್ನು ಬರೆದಿಟ್ಟಿರುತ್ತಾರೆ. ಅಪ್‌ಡೇಟಾದ ಫೋನು ಹೊಸ ವಿಳಾಸದೊಡನೆ ಬಾಗಿಲಿಗೆ ಬರುತ್ತದೆ. ಪಾಸ್‌ವರ್ಡನ್ನೂ ಸರಿಯಾಗಿ ಬಲ್ಲದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಬಾಗಿಲು ತೆರೆಯದು. ಸೇರಲು ಸಾಧ್ಯವಾಗಲಿಲ್ಲವೆಂದಷ್ಟೆ ಫೋನು ಹೇಳುವುದರಿಂದ, ಬಳಸುವವನು ಪಾಸ್‌ವರ್ಡನ್ನೇ ಹತ್ತು ಸಲ ಬರೆದು ದಣಿಯುತ್ತಾನೆ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ಮಕ್ಕಳ ಫೋನಿಗೆ ರಾತ್ರಿ ಹತ್ತರ ಮೇಲೆ ಅಂತರ್ಜಾಲ ಸಿಗದಂತೆ ತಂದೆಯು ವಿಳಾಸವನ್ನು ಗುರುತಿಸಿ ಕಟ್ಟುಹಾಕಿದ್ದರೆ, ಹೊಸ ವಿಳಾಸದ ಫೋನು ಆ ಕಟ್ಟಿನಿಂದ ನುಣುಚಿಕೊಳ್ಳುತ್ತದೆ. ವಿದ್ಯಾರ್ಥಿಗಳು ಓದುವ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಎಷ್ಟು ಉಚಿತವೋ. ಆದರೆ ಇಂಥ ಫೋನಿನ ಬಗೆಗೆ ಯಾರೂ ದೂರು ಕೊಟ್ಟಂತೆ ಕೇಳಿಲ್ಲ.

ಫೋನು ಹೇಳುತ್ತಿರುವ ವಿಳಾಸವು ಕಾರ್ಖಾನೆಯದೋ ಕಲ್ಪಿತವೋ ಎಂಬುದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಸೆಟ್ಟಿಂಗ್ಸಿನಲ್ಲಿ ಮನೆಯ ವೈಫೈಯ ಹೆಸರನ್ನು ಒತ್ತಿದರೆ ಅದರ ವಿವರಗಳಲ್ಲಿ ವಿಳಾಸವು ಕಾಣುತ್ತದೆ. ಉದಾಹರಣೆಗಾಗಿ ಅದು ಡಿ6:1ಎ:40:9ಇ:73:05 ಎಂದಿರಲಿ. ಇದರ ಎರಡನೆಯ ಅಂಕವು 6. ಅದನ್ನು ದ್ವಿಮಾನದಲ್ಲಿ ಬರೆದರೆ 0110 ಆಗುತ್ತದೆ. ಕಡೆಯ ಬಿಟ್ಟು 0 ಆಗಿದ್ದರೆ ಅದು ಒಂದೇ ಯಂತ್ರದ ವಿಳಾಸ, 1 ಆದರೆ ಒಂದು ಗುಂಪಿನದು. ಅದರ ಎಡಗಡೆಯ ಬಿಟ್ಟು 0 ಆಗಿದ್ದರೆ ವಿಳಾಸವು ಕಾರ್ಖಾನೆಯದು, 1 ಆಗಿದ್ದರೆ ಸ್ಥಳದಲ್ಲಿ ಕಲ್ಪಿಸಿದ್ದು. ಹೀಗೆ ಕೊನೆಯ ಎರಡು ಬಿಟ್ಟುಗಳು 10 ಎಂದಿರುವ ಅಂಕಗಳು ನಾಲ್ಕೇ: 2, 6, ಎ ಮತ್ತು ಇ. ಎರಡನೆಯ ಅಂಕವು ಇವುಗಳಲ್ಲೊಂದಾಗಿದ್ದರೆ ಫೋನು ಮುಖವಾಡವನ್ನು ಧರಿಸಿದೆಯೆಂದು ತಿಳಿಯಬಹುದು. ವಿಳಾಸದ ಒಟ್ಟು 48 ಬಿಟ್ಟುಗಳಲ್ಲಿ ಎರಡು ಹೀಗೆ ನಿಶ್ಚಿತವಾದುವು. ಉಳಿದ 46ರಿಂದ ಸುಮಾರು 70 ಲಕ್ಷ ಕೋಟಿ ವಿಳಾಸಗಳನ್ನು ಕಲ್ಪಿಸಬಹುದು. ಒಂದೇ ಮನೆಯ ಎರಡು ಫೋನುಗಳು ಆಕಸ್ಮಿಕವಾಗಿ ಒಂದೇ ವಿಳಾಸವನ್ನು ಆರಿಸಿಕೊಳ್ಳುವ ಭಯವು ಇಲ್ಲವೆಂದೇ ಹೇಳಬೇಕು.

ಪರಿಹಾರಗಳು ಎರಡಿವೆ. ಮನೆಯ ವೈಫೈಗೆ ಮಾತ್ರ ಖಾಸಗಿ ವಿಳಾಸದ ಬಳಕೆಯನ್ನು ನಿಲ್ಲಿಸುವುದು ಒಂದು. ಹೊಸ ವಿಳಾಸವನ್ನು ರೂಟರಿನ ಪಟ್ಟಿಗೆ ಸೇರಿಸುವುದು ಇನ್ನೊಂದು. ನನ್ನನ್ನು ಕೇಳಿದರೆ, ಆ ಪಟ್ಟಿಯನ್ನೇ ತೆಗೆದುಹಾಕಿ ಪಾಸ್‌ವರ್ಡನ್ನು ಉದ್ದವಾಗಿ ಇಡುವುದು ಲೇಸು. ವೈಫೈಯಲ್ಲಿ ಮಾತಿನ ತಿರುಳನ್ನು ಗೂಢಲಿಪಿಯಲ್ಲಿ ಮುಚ್ಚಿದರೂ ಮ್ಯಾಕ್ ವಿಳಾಸವು ತೆರೆದ ಅಂಚೆಕಾರ್ಡಿನಂತೆ ಹೋಗುತ್ತದೆ. ಪಟ್ಟಿಯಲ್ಲಿರುವ ವಿಳಾಸವನ್ನು ಕದ್ದು ಕೇಳಿ ಅದನ್ನೇ ಹೇಳಿಕೊಂಡು ಬರುವುದು ಬಲ್ಲವರಿಗೆ ಕಷ್ಟವಲ್ಲ. ಈ ಕಾವಲು ತಡೆಯುವುದು ಮನೆಯವರನ್ನೇ.

ವಿಳಾಸವು ಕಾರಣವಲ್ಲದಿದ್ದರೆ ಭದ್ರತೆಯ ವಿಧಾನವನ್ನು ನೋಡಬೇಕು. ಹಳೆಯ ರೂಟರುಗಳಲ್ಲಿ ಡಬ್ಲ್ಯುಇಪಿ, ಡಬ್ಲ್ಯುಪಿಎ ಎಂಬ ದುರ್ಬಲ ವಿಧಾನಗಳಿದ್ದುವು. 2004ರಲ್ಲಿ ಡಬ್ಲ್ಯುಪಿಎ 2, 2018ರಲ್ಲಿ ಡಬ್ಲ್ಯುಪಿಎ 3 ಬಂದುವು. ಹೊಸ ತಂತ್ರಾಂಶಗಳು ಹಳೆಯ ವಿಧಾನಗಳನ್ನು ಕಂಡರೆ ಎಚ್ಚರಿಕೆಯನ್ನು ಕೊಡುತ್ತವೆ, ಕೆಲವು ಸೇರಲು ಒಪ್ಪುವುದೇ ಇಲ್ಲ. ರೂಟರಿನಲ್ಲಿ ಎರಡನೆಯದನ್ನಾಗಲಿ ಮೂರನೆಯದನ್ನಾಗಲಿ ಆರಿಸಿದರೆ ತೊಂದರೆ ತೀರುವುದು. ಫೋನಿನ ದಿನಾಂಕ ತಪ್ಪಿದ್ದರೆ ವೈಫೈ ಸೇರಿದರೂ ತಾಣಗಳು ತೆರೆಯದಿರಬಹುದು. ತಾಣಗಳ ಪ್ರಮಾಣಪತ್ರಗಳಿಗೆ ಅವಧಿಯುಂಟು, ಫೋನು ಅದನ್ನು ತನ್ನ ಗಡಿಯಾರದಿಂದ ಅಳೆಯುತ್ತದೆ.

ತಂತ್ರಾಂಶದವರೇ ಎಡವುವುದೂ ಉಂಟು. ಸೇರಿದ ವೈಫೈಯಲ್ಲಿ ಅಂತರ್ಜಾಲವಿದೆಯೆ ಎಂದು ತಿಳಿಯಲು ಫೋನು ತನ್ನ ನಿರ್ಮಾಪಕರ ಒಂದು ಸಣ್ಣ ಪುಟವನ್ನು ತೆರೆದು ನೋಡುತ್ತದೆ. 2012ರ ಸೆಪ್ಟೆಂಬರಿನಲ್ಲಿ ಐಒಎಸ್ 6 ಬಿಡುಗಡೆಯಾದಾಗ ಆ ಪುಟವೇ ಕೆಲಕಾಲ ಕಾಣೆಯಾಗಿದ್ದುದರಿಂದ ಅನೇಕ ಫೋನುಗಳು ಸರಿಯಾದ ವೈಫೈಯನ್ನೂ ಸರಿಯಿಲ್ಲವೆಂದುವು. ಪುಟವನ್ನು ಮರಳಿ ಇಟ್ಟಾಗ ತೊಂದರೆ ತಾನಾಗಿ ಅಡಗಿತು. 2021ರಲ್ಲಿ, ಶತಾಂಶದ ಚಿಹ್ನೆಗಳಿದ್ದ ವಿಚಿತ್ರ ಹೆಸರಿನ ವೈಫೈಯೊಂದಕ್ಕೆ ಸೇರಿದ ಐಫೋನುಗಳಲ್ಲಿ ವೈಫೈಯೇ ನಿಂತುಹೋಯಿತು. ತಂತ್ರಾಂಶವು ಆ ಹೆಸರನ್ನು ಹೆಸರೆಂದು ಓದದೆ ಆಜ್ಞೆಯೆಂದು ಓದಿದ್ದೇ ಕಾರಣ. ಇಂಥ ದೋಷಗಳು ಮುಂದಿನ ಅಪ್‌ಡೇಟಿನಲ್ಲಿ ತಿದ್ದಲ್ಪಡುತ್ತವೆ. ಆದಕಾರಣ ಹೊಸ ಅಪ್‌ಡೇಟು ಬಂದಿದೆಯೆ ಎಂದು ಹಾಟ್‌ಸ್ಪಾಟಿನ ಮೂಲಕ ನೋಡುವುದು ಯುಕ್ತ.

ಚಿಕಿತ್ಸೆಯು ಸೌಮ್ಯವಾದುದರಿಂದ ಆರಂಭವಾಗಬೇಕು. ಮೊದಲು ಫೋನನ್ನೂ ರೂಟರನ್ನೂ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚುವುದು. ಅನಂತರ ಮನೆಯ ವೈಫೈಯನ್ನು ಮರೆಯುವಂತೆ ಫೋನಿಗೆ ಹೇಳಿ ಹೊಸದಾಗಿ ಸೇರಿಸುವುದು. ಪಾಸ್‌ವರ್ಡು ನೆನಪಿದೆಯೆ ಎಂಬುದನ್ನು ಮರೆಯಿಸುವ ಮುನ್ನವೇ ನೋಡಿಕೊಳ್ಳಬೇಕು. ಇದೂ ಫಲಿಸದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸನ್ನು ಮೊದಲಿನಂತೆ ಮಾಡುವ ಆಯ್ಕೆಯುಂಟು. ಇದರಿಂದ ಭಾವಚಿತ್ರಗಳು ಅಳಿಯುವುದಿಲ್ಲ, ಆದರೆ ಉಳಿಸಿಟ್ಟ ಎಲ್ಲ ವೈಫೈಗಳ ಪಾಸ್‌ವರ್ಡುಗಳೂ ಹೋಗುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಐಫೋನಿನಲ್ಲಿ ಹೀಗೆ ಮಾಡಿದರೆ ಖಾಸಗಿ ವಿಳಾಸವು ಮತ್ತೊಮ್ಮೆ ಬದಲಾಗುತ್ತದೆ. ರೂಟರಿನ ಪಟ್ಟಿಗೆ ನಿನ್ನೆಯಷ್ಟೆ ಸೇರಿಸಿದ ವಿಳಾಸವು ವ್ಯರ್ಥವಾಗಿ, ಹಳೆಯ ರೋಗವೇ ಮರುಕಳಿಸುತ್ತದೆ. ನಿದಾನವಿಲ್ಲದ ಚಿಕಿತ್ಸೆ ಹೇಗೆ ತಿರುಗಿಬೀಳುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಎಲ್ಲವನ್ನೂ ಅಳಿಸುವ ಕ್ರಮವನ್ನು, ಫೋನು ಯಾವ ವೈಫೈಗೂ ಸೇರುವುದಿಲ್ಲವೆಂದು ಎರಡನೆಯ ಪ್ರಯೋಗದಿಂದ ಖಚಿತವಾದ ಮೇಲೆ, ಅದರಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡು ಮಾತ್ರ ಕೈಗೊಳ್ಳಬಹುದು. ವೈಫೈಯ ಗುಂಡಿಯನ್ನು ಒತ್ತಿದರೂ ಅದು ಮಸುಕಾಗಿಯೇ ಉಳಿದರೆ, ಮ್ಯಾಕ್ ವಿಳಾಸವಿರಬೇಕಾದ ಸ್ಥಳದಲ್ಲಿ ಏನೂ ಕಾಣದಿದ್ದರೆ, ಫೋನಿನೊಳಗಿನ ವೈಫೈ ಚಿಪ್ಪೇ ಕೆಟ್ಟಿರುವ ಸಂಭವ ಹೆಚ್ಚು. ಆಗ ಅಂಗಡಿಗೆ ಹೋಗದೆ ವಿಧಿಯಿಲ್ಲ.